ವಿವಿ ಉಳಿದರೆ ಸಾಲದು, ಸಂಶೋಧನೆಗೆ ದುಡ್ಡೂ ಬೇಕು

ಸಂಪಾದಕರಿಗೆ ನಮಸ್ಕಾರ,

ಕೊಡಗು ವಿಶ್ವವಿದ್ಯಾಲಯದ ಬಗ್ಗೆ ಬರುತ್ತಿರುವ ಸುದ್ದಿ, ಪತ್ರ, ಹೇಳಿಕೆಗಳನ್ನೆಲ್ಲ ಓದುತ್ತಾ ಬಂದಿದ್ದೇನೆ. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಹೊಸ ಹತ್ತು ವಿವಿಗಳಲ್ಲಿ ಒಂಬತ್ತನ್ನು ಮುಚ್ಚುವ ಮಾತಾಡಿತು. ಆ ಒಂಬತ್ತರಲ್ಲಿ ಚಿಕ್ಕಅಳುವಾರದ ನಮ್ಮ ವಿವಿಯೂ ಇದೆ ಎಂದು ಗೊತ್ತಾದ ಮೇಲೆ ಜಿಲ್ಲೆಯಲ್ಲಿ ಜನ ದನಿ ಎತ್ತಿದರು, ಎತ್ತಲೇಬೇಕಿತ್ತು. ಆದರೆ ಅಂದಿನಿಂದ ಇಂದಿನವರೆಗೂ ಮಾತು ಒಂದೇ ಜಾಗದಲ್ಲಿ ಸುತ್ತುತ್ತಿದೆ. ಎಷ್ಟು ಮಕ್ಕಳು ಸೇರಿದ್ದಾರೆ, ಎಷ್ಟು ಕಟ್ಟಡ ಇದೆ, ಬಸ್ ಇದೆಯಾ, ಜಿಲ್ಲೆಗೆ ಅನ್ಯಾಯ ಆಯ್ತಾ ಇಲ್ವಾ. ಈ ವಿವಿ ಏನನ್ನು ಹುಡುಕಬೇಕು, ಯಾವ ಪ್ರಶ್ನೆಗೆ ಉತ್ತರ ಕಂಡುಹಿಡಿಯಬೇಕು, ಅದಕ್ಕೆ ಎಷ್ಟು ದುಡ್ಡು ಬೇಕು, ಎಷ್ಟು ವರ್ಷ ಬೇಕು ಅಂತ ಕೇಳಿದವರನ್ನು ನಾನು ನೋಡಲಿಲ್ಲ. ಅದನ್ನೇ ಕೇಳೋಣ ಅಂತ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಸುಂಟಿಕೊಪ್ಪದ ಕಡೆಯ ಒಬ್ಬ ಸಣ್ಣ ಬೆಳೆಗಾರ. ಕಾಫಿ, ಅದರ ಮಧ್ಯೆ ಮೆಣಸು, ಕೆಳಗೆ ಒಂದಿಷ್ಟು ಗದ್ದೆ. ಪ್ರೊಫೆಸರ್ ಅಲ್ಲ. ಆದರೂ ಸಂಶೋಧನೆ ಅಂದರೆ ಏನು ಅಂತ ನಮ್ಮಂಥವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅದು ನಮ್ಮ ತೋಟದಲ್ಲೇ ನಿಂತಿದೆ. ಅರೇಬಿಕಾ ಅನ್ನುವ ಕಾಫಿ ಜಾತಿ ಹಾಕಿರುವ ಯಾರ ತೋಟಕ್ಕೆ ಹೋದರೂ ಎಸ್. 795 ಅನ್ನುವ ತಳಿಯ ಗಿಡ ಸಿಗುತ್ತದೆ. ಅದು ಎಲ್ಲಿಂದ ಬಂತು? 19ನೇ ಶತಮಾನದಲ್ಲಿ ಎಲೆ ತುಕ್ಕು ರೋಗ ಸಿಲೋನಿನ ಕಾಫಿಯನ್ನೇ ಮುಗಿಸಿತ್ತು, ಅಲ್ಲಿಯವರು ಕಾಫಿ ಕಿತ್ತು ಟೀ ಹಾಕಿದರು. ನಮ್ಮ ಕಡೆಯೂ ತೋಟಗಳು ಹಾಳಾದವು. ಆಗ ಮೈಸೂರು ಸರ್ಕಾರ 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಕಾಫಿ ಪ್ರಯೋಗ ಕೇಂದ್ರ ತೆರೆಯಿತು. ಅಲ್ಲಿ ಗಿಡಕ್ಕೆ ಗಿಡ ಕೂಡಿಸಿ, ಬೀಜ ಹಾಕಿ, ಸಸಿ ಬೆಳೆಸಿ, ರೋಗ ಬರುತ್ತದಾ ಅಂತ ಕಾದು, ಬಂದದ್ದನ್ನು ಬಿಟ್ಟು ಮತ್ತೆ ಹಾಕಿ, ಕೊನೆಗೆ ಎಸ್. 795 ಬೆಳೆಗಾರರ ಕೈಗೆ ಸಿಕ್ಕಿದ್ದು 1940ರ ದಶಕದ ಮಧ್ಯದಲ್ಲಿ. ಹತ್ತಿರ ಹತ್ತಿರ ಇಪ್ಪತ್ತು ವರ್ಷ. ಕಾಫಿ ಗಿಡ ಫಸಲು ಕೊಡುವುದಕ್ಕೇ ಮೂರು ನಾಲ್ಕು ವರ್ಷ ಬೇಕು, ಒಂದು ತಲೆಮಾರಿನ ಗಿಡ ನೋಡಿ ಮುಗಿಸುವಷ್ಟರಲ್ಲಿ ಎರಡು ಚುನಾವಣೆ ಬಂದು ಹೋಗಿರುತ್ತದೆ. ಆ ಇಪ್ಪತ್ತು ವರ್ಷದ ಮಧ್ಯೆ ಯಾರಾದರೂ ಬಂದು, ಇಷ್ಟು ವರ್ಷ ಆಯ್ತು, ಏನೂ ಕಾಣಿಸ್ತಾ ಇಲ್ಲ, ಖರ್ಚು ಜಾಸ್ತಿ, ಮುಚ್ಚಿ ಅಂದಿದ್ದರೆ? ನಾವು ಇವತ್ತು ಅರೇಬಿಕಾ ಬೆಳೆಯುತ್ತಿದ್ದೆವೋ ಇಲ್ಲವೋ ಗೊತ್ತಿಲ್ಲ.

ನಮ್ಮ ಜಿಲ್ಲೆಯೊಂದೇ ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬೆಳೆಯುತ್ತದೆ. ಆ ಲೆಕ್ಕದಲ್ಲಿ ಹಳೆಯ ಸಂಶೋಧನೆಗೆ ಹಾಕಿದ ದುಡ್ಡು ಎಷ್ಟು ಪಟ್ಟಾಗಿ ಸರ್ಕಾರಕ್ಕೆ ವಾಪಸ್ ಬಂದಿದೆ ಅಂತ ಯೋಚನೆ ಮಾಡಿ.

ಇದಕ್ಕೆ ಕೂಡಲೇ ಬರುವ ಮಾತು ನನಗೆ ಗೊತ್ತು. ಕಾಫಿಗೆ ಕಾಫಿ ಬೋರ್ಡ್ ಇದೆ, ಚೆಟ್ಟಳ್ಳಿಯಲ್ಲಿ ಉಪಕೇಂದ್ರ ಇದೆ, ಅಪ್ಪಂಗಳದಲ್ಲಿ ಏಲಕ್ಕಿಗೆ ಕೇಂದ್ರ ಇದೆ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇದೆ, ಇನ್ನು ವಿವಿ ಯಾಕೆ ಅಂತ. ಇವೆಲ್ಲ ಇವೆ, ಒಳ್ಳೆಯ ಕೆಲಸವನ್ನೂ ಮಾಡಿವೆ. ಏಲಕ್ಕಿಯ ಕಟ್ಟೆ ರೋಗದಿಂದ ಎಷ್ಟೋ ಮನೆಗಳ ಏಲಕ್ಕಿ ಕಾಡು ಖಾಲಿಯಾಯಿತು, ಅದನ್ನು ತಡೆದುಕೊಳ್ಳುವ ವಿಜೇತ ತಳಿ ಸಿಕ್ಕಿದ್ದು ಅಪ್ಪಂಗಳದಿಂದಲೇ. ಪೊನ್ನಂಪೇಟೆಯವರು ನಮ್ಮ ದೇವರಕಾಡುಗಳ ಮೇಲೆ ಮಾಡಿದ ಕೆಲಸವನ್ನು ಹೊರದೇಶದವರೂ ಬಂದು ಓದುತ್ತಾರೆ. ಜಿಲ್ಲೆಯಲ್ಲಿ 1,214 ದೇವರಕಾಡು ಇವೆ ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವಲ್ಲ, ಅದರೊಳಗೆ ಯಾವ ಮರ, ಯಾವ ಹಕ್ಕಿ, ಯಾವ ಅಣಬೆ ಅಂತ ಹೋಗಿ ನೋಡಿ ಬರೆದವರು ಅಂಥವರು. ಆದರೆ ಈ ಕೇಂದ್ರಗಳಿಗೆಲ್ಲ ಒಂದೊಂದು ಬೆಳೆ, ಒಂದೊಂದು ಇಲಾಖೆ. ಕಾಫಿ ಬೋರ್ಡ್ ಕೇಂದ್ರದ ವಾಣಿಜ್ಯ ಸಚಿವಾಲಯದ ಕೆಳಗೆ, ಅಪ್ಪಂಗಳ ಕೃಷಿ ಸಂಶೋಧನಾ ಮಂಡಳಿಯ ಕೆಳಗೆ, ಅರಣ್ಯ ಕಾಲೇಜು ಶಿವಮೊಗ್ಗದ ಕೃಷಿ ವಿವಿಯ ಕೆಳಗೆ. ಗುಡ್ಡ ಯಾರ ಕೆಳಗೆ? ಮಳೆ ಯಾರ ಕೆಳಗೆ? ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿ ಇರುವ ಎರವ, ಕುರುಬ ಬುಡಕಟ್ಟಿನವರ ಮಾತು ಯಾವ ಬೋರ್ಡಿನ ಕೆಳಗೆ ಬರುತ್ತದೆ?

2018ರ ಆಗಸ್ಟ್ ನೆನಪಿಸಿಕೊಳ್ಳಿ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, ಕಾಲೂರು, ಮಾದಾಪುರದ ಕಡೆಯ ಗುಡ್ಡಗಳು ಒಂದೇ ವಾರದಲ್ಲಿ ಜರಿದವು. ಮನೆ, ತೋಟ, ಗದ್ದೆ, ರಸ್ತೆ, ಜನ ಎಲ್ಲ ಹೋಯಿತು. 2019ರಲ್ಲಿ ತೋರ ಗ್ರಾಮದಲ್ಲಿ ಗುಡ್ಡ ಜರಿಯಿತು. 2020ರಲ್ಲಿ ತಲಕಾವೇರಿಯ ಬೆಟ್ಟವೇ ಕುಸಿದು ಅರ್ಚಕರ ಮನೆ ಮಣ್ಣಿನ ಅಡಿ ಸೇರಿತು. 2022ರ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆ ಕಡೆ ನೆಲ ನಡುಗಿತು, ಜನ ರಾತ್ರಿ ಮನೆಯೊಳಗೆ ಮಲಗಲು ಹೆದರಿದರು. ಪ್ರತಿ ಸಲವೂ ಹೊರಗಿನಿಂದ ತಜ್ಞರು ಬಂದರು. ಬಂದದ್ದು ಒಳ್ಳೆಯದೇ, ಭೂವೈಜ್ಞಾನಿಕ ಸರ್ವೇಕ್ಷಣೆಯವರು ರಸ್ತೆಗೂ ಮನೆಗೂ ಇಳಿಜಾರು ಕಡಿದದ್ದನ್ನು ಕಾರಣವಾಗಿ ಎತ್ತಿ ಹೇಳಿದರು, ಅದು ಸರಿಯಾದ ಮಾತು. ಆಮೇಲೆ ಅವರು ಹೋದರು. ವರದಿ ಇಂಗ್ಲಿಷಿನಲ್ಲಿ ಎಲ್ಲೋ ಇದೆ. ಆದರೆ ಗುಡ್ಡ ಇಲ್ಲೇ ಇದೆ, ಮಳೆ ಪ್ರತಿ ವರ್ಷ ಬರುತ್ತದೆ, ಬರೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರು, ಪ್ರತಿ ವರ್ಷ ಕುಸಿಯುತ್ತದೆ. ಒಂದು ಇಳಿಜಾರಿನ ಮಣ್ಣಿನೊಳಗೆ ನೀರು ಎಷ್ಟು ಇಳಿಯುತ್ತದೆ, ಎಷ್ಟು ದಿನ ಸುರಿದರೆ ಅದು ತಡೆಯಲಾರದು, ಕಾಡುಮರ ಕಡಿದು ಸಿಲ್ವರ್ ಓಕ್ ಹಾಕಿದ ಬರೆಗೂ ಹಾಗೇ ಬಿಟ್ಟ ಬರೆಗೂ ವ್ಯತ್ಯಾಸ ಇದೆಯಾ ಅಂತ ತಿಳಿಯಬೇಕಾದರೆ ಯಾರಾದರೂ ಇಲ್ಲೇ ಕೂತು ಹತ್ತು ಮಳೆಗಾಲ ಅಳೆಯಬೇಕು. ದುರಂತ ಆದ ಮೇಲೆ ಒಂದು ವಾರ ಬಂದು ಹೋಗುವವರಿಗೆ ಅದು ಸಾಧ್ಯವೇ ಇಲ್ಲ. ಇದು ಊರಲ್ಲೇ ಇರುವ ವಿವಿಯ ಕೆಲಸ.

ಇಲ್ಲಿ ನಮ್ಮಲ್ಲಿರುವ ಒಂದು ದೊಡ್ಡ ಆಸ್ತಿಯ ಬಗ್ಗೆ ಹೇಳಬೇಕು. ಕೊಡಗಿನ ತೋಟಗಳಲ್ಲಿ ಮಳೆ ಬರೆದಿಡುವ ಪದ್ಧತಿ ಎಷ್ಟು ಹಳೆಯದು ಅಂತ ಹೊರಗಿನವರಿಗೆ ಗೊತ್ತಿಲ್ಲ. ಅಂಗಳದ ತುದಿಯಲ್ಲಿ ಮಳೆಮಾಪಕ, ಬೆಳಿಗ್ಗೆ ಎದ್ದ ಕೂಡಲೇ ಅದರ ನೀರು ಅಳೆದು ಪುಸ್ತಕಕ್ಕೆ ಬರೆಯುವುದು, ದೊಡ್ಡ ಎಸ್ಟೇಟ್ ಆದರೆ ರೈಟರ್ ಬರೆಯುತ್ತಾರೆ, ಸಣ್ಣ ತೋಟ ಆದರೆ ಮನೆಯ ಹಿರಿಯರು. ಇವತ್ತಿಗೂ ನಾವು ಮಾತಾಡುವುದು ಇಂಚು, ಸೆಂಟಿನಲ್ಲೇ (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ). ಫೋನ್ ಮಾಡಿದರೆ ಮೊದಲ ಪ್ರಶ್ನೆ, ನಿಮ್ಮಲ್ಲಿ ಎಷ್ಟು ಬಿತ್ತು? ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಂತು, ಅದಾದ ಎಷ್ಟು ದಿನಕ್ಕೆ ಹೂ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಬಂತು, ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಎಷ್ಟು ಸಲ ಹೊಡೆಯಿತು, ಎಲ್ಲವೂ ಆ ಪುಸ್ತಕಗಳಲ್ಲಿವೆ. ಅಜ್ಜನ ಕಾಲದ ಪುಸ್ತಕ ಇಟ್ಟುಕೊಂಡಿರುವ ಮನೆಗಳು ನನಗೇ ಹಲವು ಗೊತ್ತು. ಸರ್ಕಾರದ ವಿಪತ್ತು ಉಸ್ತುವಾರಿ ಕೇಂದ್ರದವರು ಈಗ ಪಂಚಾಯಿತಿ ಮಟ್ಟದಲ್ಲಿ ತಾನಾಗಿಯೇ ಲೆಕ್ಕ ಕಳಿಸುವ ಮಳೆಮಾಪಕ ಇಟ್ಟಿದ್ದಾರೆ, ಬಹಳ ಉಪಯೋಗ ಆಗಿದೆ, ಆದರೆ ಅದು ಇತ್ತೀಚಿನದು. ಹಳೆಯ ಲೆಕ್ಕ ಇರುವುದು ನಮ್ಮ ಕಪಾಟಿನಲ್ಲಿ. ಕುಶಾಲನಗರದಲ್ಲಿ ಬೀಳುವ ಮಳೆಗೂ ಭಾಗಮಂಡಲದಲ್ಲಿ ಬೀಳುವ ಮಳೆಗೂ ಹಲವು ಪಟ್ಟು ವ್ಯತ್ಯಾಸ. ಒಂದು ಬೆಟ್ಟದ ಈ ಬದಿಗೂ ಆ ಬದಿಗೂ ಲೆಕ್ಕ ಬೇರೆ. ಆದ್ದರಿಂದ ಮಡಿಕೇರಿಯ ಒಂದು ಅಂಕಿ ಹಿಡಿದುಕೊಂಡು ಇಡೀ ಕೊಡಗಿನ ಹವಾಮಾನ ಬದಲಾಗಿದೆ ಅಂತ ಹೇಳುವುದು ಸರಿಯಾಗುವುದಿಲ್ಲ, ಊರೂರಿನ ಪುಸ್ತಕ ಬೇಕು.

ಈ ಪುಸ್ತಕಗಳಿಗೆ ಗೆದ್ದಲು ಹಿಡಿಯುತ್ತಿದೆ. ತೋಟ ಮಾರಿ ಹೋಗುವವರು ಹಳೆಯ ಕಾಗದದ ಜೊತೆ ಅದನ್ನೂ ಸುಡುತ್ತಾರೆ. ನಾಲ್ಕು ಜನ ಸಂಶೋಧನಾ ವಿದ್ಯಾರ್ಥಿಗಳು, ಒಂದು ಸ್ಕ್ಯಾನರ್, ಓಡಾಡಲು ಒಂದು ಜೀಪಿನ ಬಾಡಿಗೆ, ಇದನ್ನೆಲ್ಲ ಒಟ್ಟು ಮಾಡಿ ಕಂಪ್ಯೂಟರಿಗೆ ಹಾಕಿ, ತಪ್ಪುಗಳನ್ನು ತೆಗೆದು, ಎಲ್ಲರೂ ನೋಡುವ ಹಾಗೆ ಇಡಲು ಒಬ್ಬ ಒಳ್ಳೆಯ ಮೇಷ್ಟ್ರು. ಇಷ್ಟೇ ಸಾಕು. ಒಂದು ಸಮ್ಮೇಳನಕ್ಕೆ ಶಾಮಿಯಾನ ಹಾಕುವ ದುಡ್ಡಿನಲ್ಲಿ ಈ ಕೆಲಸದ ಒಂದು ಭಾಗ ಆಗಿಬಿಡುತ್ತದೆ. ಇದನ್ನು ದೂರದ ಯಾವ ದೊಡ್ಡ ಸಂಸ್ಥೆಯೂ ಬಂದು ಮಾಡುವುದಿಲ್ಲ, ಯಾಕೆಂದರೆ ಯಾವ ಮನೆಯಲ್ಲಿ ಪುಸ್ತಕ ಇದೆ ಅಂತ ಅವರಿಗೆ ಗೊತ್ತಿಲ್ಲ, ಗೊತ್ತಾದರೂ ಆ ಮನೆಯವರು ಅಪರಿಚಿತರ ಕೈಗೆ ಅಜ್ಜನ ಪುಸ್ತಕ ಕೊಡುವುದಿಲ್ಲ. ನಮ್ಮೂರಿನ ಹುಡುಗಿ ಬಂದು ಕೇಳಿದರೆ ಕಾಫಿ ಕುಡಿಸಿ ಕೊಡುತ್ತಾರೆ.

ಈಗ ದುಡ್ಡಿನ ವಿಷಯ. ಇದರಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ನನ್ನ ತಂಗಿಯ ಮಗಳಿಂದ. ಅವಳು ರಾಜ್ಯದ ಒಂದು ಸರ್ಕಾರಿ ವಿವಿಯಲ್ಲಿ ಮೆಣಸಿನ ಬಳ್ಳಿಯ ಸೊರಗು ರೋಗದ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ, ಬೇರಿನ ಹತ್ತಿರದ ಮಣ್ಣಿನಲ್ಲಿ ರೋಗ ತಡೆಯುವ ಸೂಕ್ಷ್ಮಜೀವಿಗಳು ಇವೆಯಾ ಅಂತ ನೋಡುವುದು ಅವಳ ಕೆಲಸ. ವಿವಿಯ ಹೆಸರು ಬೇಡ, ಬಹುಪಾಲು ಎಲ್ಲ ಕಡೆ ಕಥೆ ಇದೇ. ಅವಳಿಗೆ ಜೆಆರ್‌ಎಫ್, ಅಂದರೆ ರಾಷ್ಟ್ರಮಟ್ಟದ ಪರೀಕ್ಷೆ ಗೆದ್ದವರಿಗೆ ಕೊಡುವ ಸಂಶೋಧನಾ ವೇತನ, ಸಿಗಲಿಲ್ಲ. ಜೆಆರ್‌ಎಫ್ ಸಿಕ್ಕಿದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಅದು ಸಿಗದಿದ್ದರೂ ಕೇಂದ್ರೀಯ ವಿವಿಯಲ್ಲಿ ಇದ್ದರೆ ತಿಂಗಳಿಗೆ 8,000 ಆದರೂ ಸಿಗುತ್ತದೆ. ರಾಜ್ಯದ ವಿವಿಯಲ್ಲಿದ್ದರೆ ಅದೂ ಇಲ್ಲ, ವಿವಿ ತನ್ನ ಕೈಯಿಂದ ಏನಾದರೂ ಕೊಟ್ಟರೆ ಉಂಟು. ಅವಳು ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡಿ, ಆ ಸಂಬಳದಲ್ಲಿ ರಾಸಾಯನಿಕ ತಂದು ಪ್ರಯೋಗ ಮಾಡುತ್ತಾಳೆ. ಫ್ರಿಜ್ ಕೆಟ್ಟು ಸ್ಯಾಂಪಲ್ ಹಾಳಾದಾಗ ಅವಳು ಅತ್ತದ್ದನ್ನು ನಾನು ನೋಡಿದ್ದೇನೆ. ಒಮ್ಮೆ ಸಣ್ಣ ಅನುದಾನ ಮಂಜೂರಾಯಿತು, ಕೈಗೆ ಬಂದದ್ದು ಮಾರ್ಚ್ ತಿಂಗಳಲ್ಲಿ, 31ನೇ ತಾರೀಖಿನೊಳಗೆ ಖರ್ಚು ಮಾಡಿ ಬಿಲ್ ಕೊಡಿ ಅಂದರು. ಸೊರಗು ರೋಗ ಬರುವುದು ಮಳೆಗಾಲದಲ್ಲಿ! ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಣ್ಣು ತೆಗೆಯಬೇಕು. ಮಾರ್ಚಿನಲ್ಲಿ ಅವಳು ಏನು ಮಾಡಬೇಕು? ಬೇಕಾದ್ದಕ್ಕೆ ಖರ್ಚು ಮಾಡಲಾಗದೆ ಯಾವುದೋ ಗಾಜಿನ ಸಾಮಾನು ತಂದು ಲೆಕ್ಕ ಮುಗಿಸಿದರು. ಸಂಶೋಧನೆಯ ದುಡ್ಡಿಗೆ ಮಳೆಗಾಲದ ಕ್ಯಾಲೆಂಡರ್ ಗೊತ್ತಿರಬೇಕು ಅಂತ ಯಾರಿಗಾದರೂ ಹೇಳಬೇಕಲ್ಲ.

ದೇಶದ ಲೆಕ್ಕವೂ ನೋಡಿ. ನಾವು ಒಟ್ಟು ಉತ್ಪನ್ನದಲ್ಲಿ ಸಂಶೋಧನೆಗೆ ಹಾಕುವುದು ಶೇ 0.64. ಚೀನಾ ಶೇ 2ಕ್ಕಿಂತ ಮೇಲೆ ಹಾಕುತ್ತದೆ, ದಕ್ಷಿಣ ಕೊರಿಯಾ ಶೇ 4ಕ್ಕಿಂತ ಮೇಲೆ. 2023ರಲ್ಲಿ ಸಂಸತ್ತು ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾನೂನು ಮಾಡಿತು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಅಂದರು, ಅದರಲ್ಲಿ ಬಹುಪಾಲು ಖಾಸಗಿಯವರಿಂದ ಬರಬೇಕು ಅಂತ ಲೆಕ್ಕ ಹಾಕಿದ್ದಾರೆ. ರಾಜ್ಯದ ವಿವಿಗಳಿಗೂ ಇದರಲ್ಲಿ ಜಾಗ ಇದೆ, ದೊಡ್ಡ ಸಂಸ್ಥೆಯ ಜೊತೆ ಸಣ್ಣ ವಿವಿಗಳನ್ನು ಸೇರಿಸುವ ಯೋಜನೆ ಇದೆ, ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ನೀತಿ ಆಯೋಗವೇ 2025ರ ಫೆಬ್ರುವರಿಯಲ್ಲಿ ಕೊಟ್ಟ ವರದಿಯಲ್ಲಿ, ದೇಶದ ಉನ್ನತ ಶಿಕ್ಷಣದ ವಿದ್ಯಾರ್ಥಿಗಳಲ್ಲಿ ಶೇ 81ರಷ್ಟು ಜನ ಓದುವುದು ರಾಜ್ಯದ ಸರ್ಕಾರಿ ವಿವಿಗಳ ವ್ಯವಸ್ಥೆಯಲ್ಲಿ, ಅಲ್ಲೇ ಶೇ 40ಕ್ಕೂ ಹೆಚ್ಚು ಅಧ್ಯಾಪಕರ ಹುದ್ದೆ ಖಾಲಿ ಅಂತ ಹೇಳಿದೆ. ಅದೇ ತಿಂಗಳಲ್ಲಿ ನಮ್ಮಲ್ಲಿ ಮುಚ್ಚುವ ಮಾತು ಬಂತು.

ಖಾಲಿ ಹುದ್ದೆಗೂ ಸಂಶೋಧನೆಗೂ ಏನು ಸಂಬಂಧ ಅಂತ ಕೇಳುವವರಿಗೆ ಸ್ವಲ್ಪ ವಿವರ. ಕೇಂದ್ರದ ಸಂಸ್ಥೆಗಳಿಂದ ಪ್ರಾಜೆಕ್ಟ್ ತರಬೇಕಾದರೆ ಅರ್ಜಿ ಹಾಕುವವರು ಹೆಚ್ಚಾಗಿ ಕಾಯಂ ಅಧ್ಯಾಪಕರಾಗಿರಬೇಕು. ಅತಿಥಿ ಉಪನ್ಯಾಸಕರು ಎಷ್ಟೇ ಬುದ್ಧಿವಂತರಾಗಿದ್ದರೂ ಅವರ ಹೆಸರಿನಲ್ಲಿ ಪ್ರಾಜೆಕ್ಟ್ ಬರುವುದು ಕಷ್ಟ, ಯಾಕೆಂದರೆ ಮುಂದಿನ ಜೂನಿನಲ್ಲಿ ಅವರು ಇರುತ್ತಾರೋ ಇಲ್ಲವೋ ಅವರಿಗೇ ಗೊತ್ತಿಲ್ಲ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ದುಡ್ಡು ಬೇಕಾದರೆ ಯುಜಿಸಿ ಕಾಯ್ದೆಯ 12ಬಿ ಮಾನ್ಯತೆ ಬೇಕು. ಅದು ಬೇಕಾದರೆ ಕಾಯಂ ಅಧ್ಯಾಪಕರು, ಲೈಬ್ರರಿ, ಲ್ಯಾಬ್ ಎಲ್ಲ ಇರಬೇಕು. ಅವು ಇರಬೇಕಾದರೆ ರಾಜ್ಯ ಸರ್ಕಾರ ಮೊದಲು ದುಡ್ಡು ಹಾಕಬೇಕು. ರಾಜ್ಯ ಹೇಳುತ್ತದೆ, ವಿವಿಯೇ ಸಂಪನ್ಮೂಲ ಹುಟ್ಟಿಸಿಕೊಳ್ಳಲಿ. ವಿವಿ ಎಲ್ಲಿಂದ ಹುಟ್ಟಿಸುತ್ತದೆ? ಪರೀಕ್ಷಾ ಶುಲ್ಕ, ಪ್ರವೇಶ ಶುಲ್ಕ ಏರಿಸಬೇಕು, ಅಷ್ಟೇ. ತೋಟದ ಕಾರ್ಮಿಕರ ಮಕ್ಕಳು ಕಟ್ಟುವ ಶುಲ್ಕದಲ್ಲಿ ಭೂಕುಸಿತದ ಸಂಶೋಧನೆ ಮಾಡಿ ಅಂದರೆ ಅದು ನ್ಯಾಯ ಅಲ್ಲ. ಮೊದಲ ಬಾಗಿಲನ್ನು ರಾಜ್ಯವೇ ತೆರೆಯಬೇಕು, ಆಮೇಲಿನ ಬಾಗಿಲನ್ನು ಒಳ್ಳೆಯ ಅಧ್ಯಾಪಕರು ತಾವೇ ತೆರೆದುಕೊಳ್ಳುತ್ತಾರೆ.

ಇನ್ನೊಂದು ಮಾತು ಕೇಳಿಬರುತ್ತದೆ. ಮಂಗಳೂರು ಇದೆಯಲ್ಲ, ಮೈಸೂರು ಇದೆಯಲ್ಲ, ಮತ್ತೆ ಅಲ್ಲಿಗೇ ಸೇರಿಸಿದರೆ ಏನಾಯ್ತು? ನಾನು ಕೇಳುವುದು, ಮಂಗಳೂರು ವಿವಿ ಹೇಗೆ ಬಂತು? ಅದೂ ಕೊಣಾಜೆಯಲ್ಲಿ 1968ರಲ್ಲಿ ಮೈಸೂರು ವಿವಿ ತೆರೆದ ಸ್ನಾತಕೋತ್ತರ ಕೇಂದ್ರವೇ. 1980ರಲ್ಲಿ ಸ್ವಂತ ವಿವಿ ಆಯಿತು. ಆಗಲೂ ಮೈಸೂರು ಇತ್ತಲ್ಲ, ಸಾಕು ಅಂದಿದ್ದರೆ ಕರಾವಳಿಗೆ ವಿವಿಯೇ ಬರುತ್ತಿರಲಿಲ್ಲ. ಕೊಡಗಿನದ್ದೂ ಅದೇ ದಾರಿ, ಮಂಗಳೂರು ವಿವಿಯ ಜ್ಞಾನ ಕಾವೇರಿ ಕೇಂದ್ರ 2023ರಲ್ಲಿ ವಿವಿ ಆಯಿತು. ಕೊಣಾಜೆಗೆ ಸಿಕ್ಕಷ್ಟು ಕಾಲ ಚಿಕ್ಕಅಳುವಾರಕ್ಕೆ ಯಾಕೆ ಸಿಗಬಾರದು? ಎರಡೇ ವರ್ಷಕ್ಕೆ ಲಾಭ ನಷ್ಟದ ಲೆಕ್ಕ ಹಾಕುವುದು ಮೂರು ವರ್ಷದ ಕಾಫಿ ಗಿಡವನ್ನು ಫಸಲು ಬರಲಿಲ್ಲ ಅಂತ ಕೀಳುವ ಹಾಗೆ. ಹಾಗಂತ ದೊಡ್ಡ ವಿವಿಗಳನ್ನು ಬಿಟ್ಟು ಒಂಟಿಯಾಗಿ ನಿಲ್ಲಬೇಕು ಅಂತಲೂ ನಾನು ಹೇಳುವುದಿಲ್ಲ. ದುಬಾರಿ ಯಂತ್ರಗಳು ಮೈಸೂರಿನಲ್ಲೋ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೋ ಇರಲಿ, ಸ್ಯಾಂಪಲ್ ಕಳಿಸಿ ನೋಡಿಸಿಕೊಳ್ಳಲಿ. ಆದರೆ ಮಣ್ಣಿನ ಹತ್ತಿರ ಇರುವವರು ಇಲ್ಲೇ ಇರಬೇಕು.

ಹೊರಗಿನ ದುಡ್ಡನ್ನೇ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ಕಾಫಿ ತೋಟದ ನೆರಳು ಮರಗಳ ಮೇಲೆ, ತೋಟ ಕೊಡುವ ನೀರು, ಜೇನು, ಹಕ್ಕಿಗಳ ಮೇಲೆ 2007ರಿಂದ ಕೆಲವು ವರ್ಷ ಯುರೋಪಿಯನ್ ಒಕ್ಕೂಟದ ಹಣದಲ್ಲಿ ಒಳ್ಳೆಯ ಕೆಲಸ ನಡೆಯಿತು, ಪೊನ್ನಂಪೇಟೆ ಕಾಲೇಜಿನವರೂ ಫ್ರೆಂಚ್ ಸಂಸ್ಥೆಗಳವರೂ ಸೇರಿ ಮಾಡಿದರು. ಪ್ರಾಜೆಕ್ಟಿಗೆ ಅಂತ ಬಂದ ಹಣ ಪ್ರಾಜೆಕ್ಟಿನ ಜೊತೆಗೇ ಮುಗಿಯುತ್ತದೆ. ಈಗ ಅದೇ ಯುರೋಪು 2020ರ ಡಿಸೆಂಬರ್ ನಂತರ ಕಾಡು ಕಡಿದ ಜಾಗದ ಕಾಫಿ ಕೊಳ್ಳುವುದಿಲ್ಲ ಅಂತ ಕಾನೂನು ಮಾಡಿದೆ. ಜಾರಿ ಮುಂದೂಡುತ್ತಾ ಬಂದಿದ್ದಾರೆ ನಿಜ, ಆದರೆ ಒಂದು ದಿನ ಬರುತ್ತದೆ. ಆಗ ನಮ್ಮ ತೋಟ ಕಾಡು ಕಡಿದದ್ದಲ್ಲ, ಮರದ ನೆರಳಲ್ಲೇ ಬೆಳೆದದ್ದು ಅಂತ ನಕ್ಷೆ ಸಮೇತ ತೋರಿಸಬೇಕು. ಬಾಣೆ, ಪೈಸಾರಿ, ಜಮ್ಮಾ ಅಂತ ಕೊಡಗಿನಲ್ಲಿರುವ ಬೇರೆ ಬೇರೆ ಬಗೆಯ ಜಮೀನಿನ ದಾಖಲೆಗಳ ಗೋಜಲು ಗೊತ್ತಿರುವ, ಉಪಗ್ರಹದ ಚಿತ್ರ ಓದಲೂ ಬರುವ ಹುಡುಗರು ಎಷ್ಟು ಜನ ಇದ್ದಾರೆ? ಅವರನ್ನು ತಯಾರು ಮಾಡುವ ಜಾಗ ಯಾವುದು?

ವಿಜ್ಞಾನ ಮಾತ್ರ ಅಂದುಕೊಳ್ಳಬೇಡಿ. ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು ಕೊಡಗಿನ ಐನ್‌ಮನೆ (ಕುಲದ ಮೂಲಮನೆ), ಹಬ್ಬ, ಆಚರಣೆಗಳನ್ನು ನೋಡಿ ಬರೆದದ್ದರಿಂದಲೇ 1952ರಲ್ಲಿ ಸಂಸ್ಕೃತೀಕರಣ, ಅಂದರೆ ಕೆಳಗಿನ ಜಾತಿಯವರು ಮೇಲಿನ ಜಾತಿಯ ಆಚಾರ ಅನುಸರಿಸಿ ಮೇಲೇರಲು ನೋಡುವುದು, ಎಂಬ ವಿಚಾರ ಸಮಾಜಶಾಸ್ತ್ರಕ್ಕೆ ಬಂತು. ಇಡೀ ಪ್ರಪಂಚದ ವಿದ್ಯಾರ್ಥಿಗಳು ಅದನ್ನು ಓದುತ್ತಾರೆ. ಅಷ್ಟು ದೊಡ್ಡ ವಿಚಾರ ಹುಟ್ಟಿದ ನೆಲದಲ್ಲಿ ಇವತ್ತು ಎರವ ಭಾಷೆಯ ಹಾಡುಗಳನ್ನು ರೆಕಾರ್ಡ್ ಮಾಡಿಡಲು ಒಬ್ಬ ಸಂಶೋಧಕನಿಗೆ ತಿಂಗಳ ಖರ್ಚು ಕೊಡುವವರಿಲ್ಲ. ಕೊಡವ ತಕ್ಕ್ ಯುನೆಸ್ಕೊದ ಅಳಿವಿನ ಅಂಚಿನ ಭಾಷೆಗಳ ಪಟ್ಟಿಯಲ್ಲಿದೆ. ಮಾತಾಡುವ ಹಿರಿಯರು ಹೋದ ಮೇಲೆ ಎಷ್ಟು ಕೋಟಿ ಕೊಟ್ಟರೂ ಆ ಕೆಲಸ ಮಾಡಲು ಬರುವುದಿಲ್ಲ.

ದುಡ್ಡು ಎಲ್ಲಿಂದ ಅಂತ ಕೇಳಿದರೆ ನನ್ನ ಉತ್ತರ ಇದು. ಮೊದಲ ಪಾಲು ರಾಜ್ಯ ಬಜೆಟ್ಟಿನದ್ದೇ ಆಗಿರಬೇಕು, ಸಂಬಳದ ದುಡ್ಡಿನ ಜೊತೆ ಕಲಸದೆ ಸಂಶೋಧನೆಗೆ ಅಂತಲೇ ಬೇರೆ ತಲೆಬರಹದಲ್ಲಿ, ಕಡೇಪಕ್ಷ ಹತ್ತು ವರ್ಷ ನಿಲ್ಲದೆ. ಎರಡನೆಯದಾಗಿ ಬೆಂಗಳೂರು. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆ ಆಯಿತು, ದಿನಕ್ಕೆ 775 ದಶಲಕ್ಷ ಲೀಟರ್ ನೀರು ಹೆಚ್ಚುವರಿಯಾಗಿ ಬೆಂಗಳೂರಿಗೆ ಹೋಗುತ್ತದೆ, ನಾಲ್ಕು ಸಾವಿರ ಕೋಟಿಗೂ ಹೆಚ್ಚು ಖರ್ಚಾಗಿದೆ. ಕೊಳವೆಗೆ ಅಷ್ಟು ಹಾಕುವವರು ಆ ನೀರು ಹುಟ್ಟುವ ಬೆಟ್ಟ ಹೇಗಿದೆ ಅಂತ ತಿಳಿದುಕೊಳ್ಳಲು ಅದರ ಒಂದು ಸಣ್ಣ ಚೂರನ್ನು ಇಡಬಹುದಲ್ವಾ? ಇದು ದಾನ ಅಲ್ಲ, ಅವರ ಕುಡಿಯುವ ನೀರಿನ ವಿಷಯ. ಇನ್ನು ನಮ್ಮ ಜಿಲ್ಲೆಯಲ್ಲಿ ತೋಟ ಇರುವ, ಕಾಫಿ ವ್ಯಾಪಾರ ಮಾಡುವ ದೊಡ್ಡ ಕಂಪನಿಗಳಿವೆ. 2019ರಲ್ಲಿ ಕಂಪನಿ ಕಾಯ್ದೆಯ ಪಟ್ಟಿ ತಿದ್ದಿದ ಮೇಲೆ ಕಂಪನಿಗಳು ಲಾಭದಲ್ಲಿ ಸಾಮಾಜಿಕ ಹೊಣೆಗೆ ಅಂತ ತೆಗೆದಿಡಬೇಕಾದ ಶೇ 2ರ ಹಣವನ್ನು ಸರ್ಕಾರಿ ವಿವಿಯ ವಿಜ್ಞಾನ ಸಂಶೋಧನೆಗೂ ಕೊಡಬಹುದು. ಬಸ್ ಸ್ಟ್ಯಾಂಡಿನ ಬೆಂಚಿಗೆ ಹೆಸರು ಬರೆಸುವುದನ್ನು ಒಂದು ವರ್ಷ ನಿಲ್ಲಿಸಿ ಇಬ್ಬರು ವಿದ್ಯಾರ್ಥಿಗಳ ಐದು ವರ್ಷದ ಖರ್ಚು ಹೊರಲಿ. ಸಂಶೋಧನಾ ಅನುದಾನದ ಮೇಲಿನ ಜಿಎಸ್‌ಟಿ ಗೊಂದಲವನ್ನೂ 2024ರ ಸೆಪ್ಟೆಂಬರಿನಲ್ಲಿ ಕೌನ್ಸಿಲ್ ಬಗೆಹರಿಸಿದೆ, ಅದರ ನೆಪವೂ ಈಗಿಲ್ಲ. ಆದರೆ ಕಂಪನಿ ದುಡ್ಡು ಬಂದರೆ ಏನು ಹುಡುಕಬೇಕು, ಏನು ಪ್ರಕಟಿಸಬೇಕು ಅಂತ ಕಂಪನಿ ಹೇಳಬಾರದು. ತೋಟದ ಔಷಧಿ ಹೊಳೆಗೆ ಸೇರುತ್ತಿದೆ ಅಂತ ಫಲಿತಾಂಶ ಬಂದರೆ ಅದೂ ಹೊರಗೆ ಬರಬೇಕು. ಅದಕ್ಕೇ ರಾಜ್ಯದ ಪಾಲು ದೊಡ್ಡದಿರಬೇಕು ಅನ್ನುವುದು.

ದುಡ್ಡು ಕೊಟ್ಟರೆ ಸಾಕು, ಲೆಕ್ಕ ಕೇಳಬೇಡಿ ಅಂತ ನಾನು ಹೇಳುತ್ತಿಲ್ಲ. ನಕಲು ಹೊಡೆದ ಪ್ರಬಂಧಗಳು, ಯಾರೂ ಓದದ ಪತ್ರಿಕೆಗಳಲ್ಲಿ ದುಡ್ಡು ಕೊಟ್ಟು ಹಾಕಿಸಿದ ಲೇಖನಗಳು, ಬಡ್ತಿಗೆ ಮಾತ್ರ ಬೇಕಾದ ಸಮ್ಮೇಳನಗಳು ನಮ್ಮ ವಿವಿಗಳಲ್ಲಿ ಇವೆ, ಎಲ್ಲರಿಗೂ ಗೊತ್ತು. ಜನರ ದುಡ್ಡಿಗೆ ಜನರಿಗೇ ಉತ್ತರ ಹೇಳಬೇಕು. ಪಿಎಚ್‌ಡಿ ಪ್ರಬಂಧಗಳನ್ನು ಶೋಧಗಂಗಾ ಜಾಲತಾಣಕ್ಕೆ ಹಾಕಬೇಕೆಂಬ ನಿಯಮ ಈಗಾಗಲೇ ಇದೆ. ನಾನು ಇನ್ನೊಂದನ್ನು ಕೇಳುತ್ತೇನೆ. ವರ್ಷಕ್ಕೊಮ್ಮೆ, ಕೊಯ್ಲು ಮುಗಿದು ಎಲ್ಲರಿಗೂ ಸ್ವಲ್ಪ ಬಿಡುವಾಗುವ ಮಾರ್ಚ್, ಏಪ್ರಿಲ್ ಹೊತ್ತಿಗೆ, ವಿವಿಯ ಪ್ರತಿ ಸಂಶೋಧಕರೂ ಬೆಳೆಗಾರರ, ಕಾರ್ಮಿಕರ, ಪಂಚಾಯಿತಿಯವರ ಮುಂದೆ ನಿಂತು ತಾವು ಏನು ನೋಡಿದೆವು ಅಂತ ಕನ್ನಡದಲ್ಲಿ ಹೇಳಲಿ. ಏನೂ ಸಿಗಲಿಲ್ಲ ಅಂದರೂ ಪರವಾಗಿಲ್ಲ, ಯಾಕೆ ಸಿಗಲಿಲ್ಲ ಅಂತ ಹೇಳಲಿ. ತೋಟದವರಿಗೆ ಸಸಿ ಸತ್ತದ್ದನ್ನು ಕೇಳಿ ಅಭ್ಯಾಸ ಇದೆ, ಅದಕ್ಕೆ ಯಾರನ್ನೂ ಬೈಯುವುದಿಲ್ಲ. ಬೈಯುವುದು ಕೆಲಸ ಮಾಡದೆ ಬಿಲ್ ಬರೆದವರನ್ನು.

ಕೊನೆಗೆ ಎರಡು ಕೋರಿಕೆ. ಬೆಳೆಗಾರರ ಸಂಘಗಳು, ಊರಿನ ಸಹಕಾರ ಸಂಘಗಳು ತಮ್ಮ ಸದಸ್ಯರಲ್ಲಿ ಯಾರ ಹತ್ತಿರ ಹಳೆಯ ಮಳೆ ಪುಸ್ತಕ ಇದೆ ಅಂತ ಒಂದು ಪಟ್ಟಿ ಮಾಡಲಿ. ದುಡ್ಡು ಬರುವವರೆಗೆ ಕಾಯಬೇಕಾಗಿಲ್ಲ, ಮೊಬೈಲಿನಲ್ಲಿ ಒಂದೊಂದು ಪುಟದ ಫೋಟೊ ತೆಗೆದಿಟ್ಟರೂ ಗೆದ್ದಲಿನಿಂದ ಉಳಿಯುತ್ತದೆ. ಇನ್ನೊಂದು ನಮ್ಮ ಇಬ್ಬರು ಶಾಸಕರಿಗೆ. ಮುಂದಿನ ಬಜೆಟ್ಟಿಗೆ ಮೊದಲು ಸದನದಲ್ಲಿ ಲಿಖಿತವಾಗಿ ಕೇಳಿ. ಕೊಡಗು ವಿವಿಗೆ ಮಂಜೂರಾದ ಕಾಯಂ ಅಧ್ಯಾಪಕರ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಸಂಶೋಧನೆಗೆ ಅಂತಲೇ ಕೊಟ್ಟ ಹಣ ಎಷ್ಟು, 12ಬಿ ಮಾನ್ಯತೆಗೆ ಏನು ಮಾಡಿದ್ದಾರೆ, ಜೆಆರ್‌ಎಫ್ ಇಲ್ಲದ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ತಿಂಗಳಿಗೆ ಏನು ಕೊಡುತ್ತಾರೆ. ಪಕ್ಷ ಯಾವುದೇ ಇರಲಿ, ಉತ್ತರ ಅಂಕಿಯಲ್ಲಿ ಬರಲಿ. ಬಂದ ಉತ್ತರವನ್ನು ನಿಮ್ಮ ಪತ್ರಿಕೆಯಲ್ಲಿ ಪೂರ್ತಿಯಾಗಿ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ,
ಒಬ್ಬ ಕಾಫಿ ಬೆಳೆಗಾರ
ಸುಂಟಿಕೊಪ್ಪ, ಕೊಡಗು